ಮಳೆ ಬಿಡುವವರೆಗೂ ತಾಲೀಮು

ಪ್ರಿಯ ಗೆಳೆಯ,

"ಆ ಮಳೆಯಲ್ಲಿ ಕೂತು ಅದೇನು ಮಾಡ್ತೀಯೋ ಮಾರಾಯ" ಅಂತ ಕೇಳಿದ್ದೆಯಲ್ಲ, ಅದು ಫೋನಿನಲ್ಲಿ ಹೇಳಿ ಮುಗಿಯುವುದಲ್ಲ. ಕರೆಂಟ್ ಹೋದರೆ ನೆಟ್‌ವರ್ಕೂ ಅದರ ಹಿಂದೆಯೇ ಹೋಗುತ್ತೆ. ಅದಕ್ಕೇ ಈ ಪತ್ರ.

ಸಾಗರದ ಹತ್ತಿರದ ನಮ್ಮ ಹೆಗ್ಗೋಡಿನಲ್ಲಿ ಈಗ ಪುಷ್ಯ ಮಳೆ. ಮಳೆ ಚೆಂದ ಅಂತ ಫೋಟೋ ಹಾಕುವವರು ಜೋಗ ನೋಡಿ ವಾಪಸ್ ಹೋಗುತ್ತಾರೆ. ನಮಗೆ ಅಡಿಕೆಗೆ ಕೊಳೆರೋಗ ಬರುವ ಚಿಂತೆ. ಔಷಧಿ ಹೊಡೆಯೋಕೆ ಮೈಲುತುತ್ತ, ಸುಣ್ಣ ತಂದಿಟ್ಟುಕೊಂಡು ಹೊಳವಿಗೆ, ಅಂದರೆ ಮಳೆ ಬಿಡುವ ಹೊತ್ತಿಗೆ, ಕಾಯುತ್ತೇವೆ. ಹೊಳವಾದ ದಿನ ಮರ ಹತ್ತುವ ಕೊನೆಗಾರ ಸಿಗುವುದಿಲ್ಲ, ಅವನು ಸಿಕ್ಕ ದಿನ ಮಳೆ ಬಿಡುವುದಿಲ್ಲ. ಬಟ್ಟೆ ಒಣಗಲ್ಲ. ರಕ್ತ ಹೀರುವ ಉಂಬಳದ ಕಾಟ ಬೇರೆ. ಇಷ್ಟಾದರೂ ಈ ಊರು ಬಿಡೋಕೆ ನನಗೆ ಮನಸ್ಸಿಲ್ಲ.

ಯಾಕಂದ್ರೆ ಇಲ್ಲಿ ನಾಟಕ ತಯಾರಾಗುವುದೇ ಮಳೆಗಾಲದಲ್ಲಿ. ನಮ್ಮೂರ ನಾಟಕ ಸಂಘ ನೀನಾಸಮ್‌ನ ಸಂಚಾರಿ ತಂಡ 'ತಿರುಗಾಟ'ದ ನಟರು ಮಳೆ ಪೂರ್ತಿ ತಾಲೀಮು ಮಾಡುತ್ತಾರೆ. ಮಳೆ ಹಿಂದೆ ಸರಿದ ಮೇಲೆ ಸೆಟ್ಟು, ಲೈಟು, ಬಟ್ಟೆಬರೆ ಎಲ್ಲ ಗಾಡಿಗೆ ತುಂಬಿಕೊಂಡು ಊರೂರು ಸುತ್ತಲು ಹೊರಡುತ್ತಾರೆ. 1985ರಿಂದ ನಡೆದುಬಂದ ಕ್ರಮ ಇದು. ಬಯಲಿನಲ್ಲಿ ಆಡುವ ಯಕ್ಷಗಾನ ಮೇಳಗಳದ್ದೂ ಇದೇ ಲೆಕ್ಕ ಅಲ್ವಾ, ಮಳೆಗೆ ಗೆಜ್ಜೆ ಬಿಚ್ಚಿದರೆ ಮಳೆ ಹೋದ ಮೇಲೇ ಮತ್ತೆ ಕಟ್ಟುವುದು. ತಾಲೀಮಿನಲ್ಲಿ ಮಾತು ಮಳೆಯ ಸದ್ದನ್ನು ದಾಟಿ ಕೇಳಬೇಕು. ಇಲ್ಲಿ ಕಲಿತವರ ಗಂಟಲು ಅಷ್ಟು ಗಟ್ಟಿ ಇರುವುದಕ್ಕೆ ಅದೇ ಕಾರಣ ಅಂತ ನನ್ನ ನಂಬಿಕೆ. ಮೇಷ್ಟ್ರುಗಳು ಒಪ್ಪಲಿಕ್ಕಿಲ್ಲ, ಬಿಡು.

ನನಗೆ ಇಷ್ಟವಾಗುವುದು ನೀನಾಸಮ್‌ನ ಹಟ. 1949ರಲ್ಲಿ ಊರಿನವರೇ ಸೇರಿ ನಾಟಕ ಆಡೋಕೆ ಕಟ್ಟಿಕೊಂಡ ಸಂಘ ಇದು. ಬೆಂಗಳೂರಿನವರು ಬಂದು ಉದ್ಘಾಟಿಸಲಿ ಅಂತ ಯಾರೂ ಕಾಯಲಿಲ್ಲ. ಸಂಘ ಕಟ್ಟಿದವರಲ್ಲೊಬ್ಬರಾದ, ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದ ಕೆ. ವಿ. ಸುಬ್ಬಣ್ಣ 1957ರಲ್ಲಿ ಇಲ್ಲಿಂದಲೇ ಅಕ್ಷರ ಪ್ರಕಾಶನ ಶುರು ಮಾಡಿದರು. ಆಮೇಲೆ ಒಳ್ಳೆಯ ಸಿನಿಮಾ ತೋರಿಸುವ ಚಿತ್ರಸಮಾಜ ಬಂತು, 1980ರಲ್ಲಿ ರಂಗಶಿಕ್ಷಣ ಕೇಂದ್ರ. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದ್ದು ನಿನಗೂ ಗೊತ್ತು. ಆದರೆ ಪ್ರಶಸ್ತಿಗಿಂತ ನನಗೆ ದೊಡ್ಡದು ಇಲ್ಲಿಯ ಪ್ರೇಕ್ಷಕರು. ತೋಟದಿಂದ ಬಂದು ಕೈಕಾಲು ತೊಳೆದು ಕುರೊಸಾವಾ, ಸತ್ಯಜಿತ್ ರಾಯ್ ಸಿನಿಮಾ ನೋಡಿದ ಊರು ಇದು. ಷೇಕ್ಸ್‌ಪಿಯರ್ ಅಂದರೆ ಇವರಿಗೇನೂ ಭಯವಿಲ್ಲ. "ಮೊದಲರ್ಧ ಅಡ್ಡಿಲ್ಲ, ಆಮೇಲೆ ಸುಮ್ನೆ ಎಳೆದ್ರು" ಅಂತ ಚಪ್ಪಲಿ ಹಾಕಿಕೊಳ್ಳುತ್ತಲೇ ತೀರ್ಪು ಕೊಡುತ್ತಾರೆ. ಎಷ್ಟೋ ಸಲ ಆ ತೀರ್ಪು ಸರಿಯಾಗೇ ಇರುತ್ತೆ. ಇಲ್ಲಿ ಆಡಿದ್ದೆಲ್ಲ ಚೆನ್ನಾಗಿರುತ್ತೆ ಅಂತ ನಾನು ಹೇಳಲಾರೆ. ನಾನೂ ನಿದ್ದೆ ಮಾಡಿದ್ದುಂಟು.

ಪಕ್ಕದ ಭೀಮನಕೋಣೆಯಲ್ಲಿ 'ಚರಕ' ಅನ್ನೋ ಮಹಿಳಾ ಸಹಕಾರ ಸಂಘದ ಹೆಂಗಸರು ಕೈಮಗ್ಗದ ಬಟ್ಟೆ ಮಾಡುತ್ತಾರೆ. ನಾವು ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಅಲ್ಲಿ ಬಣ್ಣವಾಗುತ್ತೆ. ಹೋದ ಸಲ ನೀನು ಹೊಗಳಿದ ನನ್ನ ಜುಬ್ಬ ಅಲ್ಲಿಯದೇ.

ಭೂಮಿ ಹುಣ್ಣಿಮೆ ಹತ್ತಿರ ಬಂದಾಗ ಇಲ್ಲಿಯ ದೀವರ ಸಮುದಾಯದ ಮನೆಗಳಲ್ಲಿ ಇನ್ನೊಂದು ಕೆಲಸ. ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ಗೆರೆಗಳು ಎಷ್ಟು ಸಣ್ಣ ಅಂದರೆ, ಹತ್ತಿರ ಹೋಗಿ ಉಸಿರು ಬಿಡೋಕೂ ಹೆದರಿಕೆ. ಆ ಬುಟ್ಟಿಯಲ್ಲಿ ಅಡುಗೆ ಹೊತ್ತು ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗಿ, ಬಸುರಿ ಭೂಮಿಗೆ ಬಡಿಸುತ್ತಾರೆ. ಇದಕ್ಕೆ ಟಿಕೆಟ್ಟೂ ಇಲ್ಲ, ಕ್ಯಾಟಲಾಗೂ ಇಲ್ಲ. ನನ್ನನ್ನು ಕೇಳಿದರೆ ಈ ಸೀಮೆಯ ಅತಿ ಒಳ್ಳೆಯ ಚಿತ್ರಕಾರರು ಇವರೇ.

ನೀನು ಅಕ್ಟೋಬರಿನಲ್ಲಿ ಬಾ. ನೀನಾಸಮ್‌ನ ಸಂಸ್ಕೃತಿ ಶಿಬಿರ ಆ ಹೊತ್ತಿಗೇ ಇರುತ್ತೆ, ಹೊಸ ನಾಟಕಗಳನ್ನೂ ನೋಡಬಹುದು. ತಾಳಗುಪ್ಪದ ರೈಲಿಗೆ ಈಗ್ಲೇ ಟಿಕೆಟ್ ಮಾಡಿಸು, ದಸರಾ ಹೊತ್ತಿಗೆ ಸಿಗುವುದಿಲ್ಲ. ಸಾಗರದಲ್ಲಿ ಇಳಿ, ಕರೆದುಕೊಂಡು ಬರೋಕೆ ನಾನು ಬರ್ತೀನಿ. ಕೊಡೆ ಮರೀಬೇಡ. ಮಳೆ ಹೋಯ್ತು ಅಂತ ಇಲ್ಲಿ ಯಾರೂ ಗ್ಯಾರಂಟಿ ಕೊಡಲ್ಲ.

ನಿನ್ನ ಗೆಳೆಯ