ಫಾಂಗ್ ನಾ ಕೊಲ್ಲಿಗೆ ಹೋಗುವ ನಮ್ಮ ಗ್ರಾಹಕರಿಗೆ: ಇನ್ನು ಮುಂದೆ ದೋಣಿ ನೀರು ನೋಡಿ ಹೊರಡುತ್ತದೆ

ನಮಸ್ಕಾರ.

ನಮ್ಮ ಫುಕೆಟ್ ಪ್ರವಾಸದ ಮೂರನೇ ದಿನ ಫಾಂಗ್ ನಾ ಕೊಲ್ಲಿಯ ದೋಣಿ ಸುತ್ತಾಟ ಇರುತ್ತದೆ, ನಿಮಗೆ ಗೊತ್ತೇ ಇದೆ. ಈ ನವೆಂಬರ್‌ನಿಂದ ಅದನ್ನು ಬದಲಾಯಿಸುತ್ತಿದ್ದೇವೆ. ಇಲ್ಲಿಯವರೆಗೆ ಬೆಳಿಗ್ಗೆ ಎಂಟಕ್ಕೆ ಹೋಟೆಲ್ ಬಾಗಿಲಿಗೆ ವ್ಯಾನು, ಒಂಬತ್ತೂವರೆಗೆ ಸ್ಪೀಡ್‌ಬೋಟು, ಆರು ಜಾಗ, ಸಂಜೆ ಐದಕ್ಕೆ ವಾಪಸ್. ಈ ಕ್ರಮ ನಿಲ್ಲಿಸಿದ್ದೇವೆ. ಇನ್ನು ಮುಂದೆ ಒಂದು ಮನೆಯವರಿಗೆ ಒಂದು ದೋಣಿ. ಹೊರಡುವ ಹೊತ್ತನ್ನು ಆ ದಿನದ ಉಬ್ಬರ-ಇಳಿತ ನೋಡಿ ಗೊತ್ತು ಮಾಡುತ್ತೇವೆ. ನೋಡುವ ಜಾಗ ಮೂರು, ಜಾಸ್ತಿ ಅಂದರೆ ನಾಲ್ಕು. ದರ ತಲೆಗಿಷ್ಟು ಅಂತ ಇರುವುದಿಲ್ಲ, ದೋಣಿಗಿಷ್ಟು ಅಂತ ಇರುತ್ತದೆ.

ಮುಂಗಡ ಕೊಟ್ಟು ಕಾಯುತ್ತಿರುವವರು ನಿಮ್ಮಲ್ಲಿ ಕೆಲವರಿದ್ದೀರಿ. ಯಾಕೆ ಬದಲಾಯಿಸಿದಿರಿ ಅಂತ ನೀವು ಕೇಳುವುದು ನ್ಯಾಯ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕಳೆದ ಜನವರಿಯಲ್ಲಿ ಒಂದೇ ಮನೆಯ ಏಳು ಜನ ನಮ್ಮ ಕಡೆಯಿಂದ ಹೋಗಿದ್ದರು. ಅವರಲ್ಲಿ 74 ವರ್ಷದ ಅಜ್ಜಿಯೂ ಇದ್ದರು. ಮಂಡಿ ನೋವು ಬಿಟ್ಟರೆ ಗಟ್ಟಿ. ಹೊರಡುವ ಮೊದಲು ನಮ್ಮ ಕಚೇರಿಗೇ ಬಂದು, ಗೋಡೆಯ ಮೇಲಿನ ಫೋಟೊ ತೋರಿಸಿ, "ಈ ಬೆಟ್ಟದೊಳಗೆ ಹೋಗ್ತೀವಲ್ವಾ?" ಅಂತ ಎರಡು ಸಲ ಕೇಳಿದ್ದರು. "ಹೋಗೇ ಹೋಗ್ತೀರಿ ಅಜ್ಜಿ" ಅಂದವನು ನಾನೇ. ಅವರ ಸ್ಪೀಡ್‌ಬೋಟು ಆ ಬೆಟ್ಟದೊಳಗೆ ಹೋಗುವ ಗುಹೆಯ ಹತ್ತಿರ ಬಂದಾಗ ಹನ್ನೊಂದೂಕಾಲು ಗಂಟೆ. ನೀರು ಏರಿತ್ತು, ಗುಹೆಯ ಬಾಯಿ ಮುಳುಗಿತ್ತು. ದೋಣಿಯಲ್ಲಿ ಬೇರೆ ಬೇರೆ ಹೋಟೆಲಿನಿಂದ ಬಂದ ಮೂವತ್ತು ಚಿಲ್ಲರೆ ಜನ. ನೀರು ಇಳಿಯಲಿ, ಕಾಯೋಣ ಅನ್ನುವ ಹಾಗೇ ಇರಲಿಲ್ಲ. ಹತ್ತು ನಿಮಿಷ ಬಿಸಿಲಲ್ಲಿ ನಿಲ್ಲಿಸಿ, ಫೋಟೊ ತೆಗೆದುಕೊಳ್ಳಿ ಅಂದು, ಮುಂದಿನ ಜಾಗಕ್ಕೆ ಕರೆದುಕೊಂಡು ಹೋದರು.

ಊರಿಗೆ ಬಂದಮೇಲೆ ಅಜ್ಜಿ ಬೈಯಲಿಲ್ಲ. "ಅಷ್ಟು ದೂರ ಕರ್ಕೊಂಡು ಹೋಗಿ ಬಾಗಿಲು ಹಾಕಿರೋ ದೇವಸ್ಥಾನ ತೋರಿಸಿದ ಹಾಗಾಯ್ತಪ್ಪ" ಅಂದರು, ಅಷ್ಟೇ. ಆ ದಿನದ ಹಣ ವಾಪಸ್ ಕೊಟ್ಟೆವು. ಆದರೂ ಆ ಮಾತು ನನ್ನನ್ನು ಬಿಡಲಿಲ್ಲ. ದೋಣಿಯವರದ್ದು ಏನೂ ತಪ್ಪಿಲ್ಲ. ಬಾಗಿಲು ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಅಂತ ವಿಚಾರಿಸದೆ ಬಸ್ಸು ಹತ್ತಿಸಿದವರು ನಾವು.

ಆ ಬಾಗಿಲಿನ ವಿಷಯ ಸ್ವಲ್ಪ ಹೇಳಬೇಕು. ಫಾಂಗ್ ನಾ ಕೊಲ್ಲಿ ಇರುವುದು ಫುಕೆಟ್ ದ್ವೀಪಕ್ಕೂ ಥಾಯ್ಲೆಂಡಿನ ಮುಖ್ಯ ನೆಲಕ್ಕೂ ನಡುವೆ. ಅದರಲ್ಲಿ ಸುಮಾರು 400 ಚದರ ಕಿಲೋಮೀಟರ್ 1981ರಿಂದ ರಾಷ್ಟ್ರೀಯ ಉದ್ಯಾನ. ಹಸಿರು ನೀರಿನ ನಡುವೆ ನೆಟ್ಟಗೆ ಎದ್ದು ನಿಂತ ನಲವತ್ತಕ್ಕೂ ಜಾಸ್ತಿ ದ್ವೀಪಗಳು, ಎಲ್ಲ ಸುಣ್ಣಕಲ್ಲಿನವು. ಕುಮಟಾ ಹತ್ತಿರದ ಯಾಣ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಯಾಣದ ಭೈರವೇಶ್ವರ ಶಿಖರವೂ ಸುಣ್ಣಕಲ್ಲೇ, ಸುಮಾರು 120 ಮೀಟರ್ ಎತ್ತರ. ಅಂಥ ಬಂಡೆಗಳು ಕಾಡಿನ ಬದಲು ಸಮುದ್ರದಲ್ಲಿ ಸಾಲಾಗಿ ನಿಂತಿವೆ, ಮೈಮೇಲೆಲ್ಲ ಗಿಡಮರ ಹಬ್ಬಿದೆ ಅಂದುಕೊಳ್ಳಿ.

ಈ ಕಲ್ಲು 25 ಕೋಟಿ ವರ್ಷಕ್ಕೂ ಹಳೆಯದು. ಸುಣ್ಣಕಲ್ಲನ್ನು ಮಳೆನೀರು ಮೆಲ್ಲಗೆ ಕರಗಿಸುತ್ತದೆ. ಬೆಟ್ಟದ ಹೊಟ್ಟೆಯೊಳಗೆ ಗುಹೆ ಆಗುತ್ತದೆ, ಗುಹೆ ದೊಡ್ಡದಾಗುತ್ತಾ ಹೋಗಿ ಒಂದು ದಿನ ಮೇಲಿನ ಚಾವಣಿ ಕುಸಿಯುತ್ತದೆ. ಆಗ ಸುತ್ತ ಗೋಡೆ, ಮೇಲೆ ಆಕಾಶ. ಥಾಯ್ ಮಾತಿನಲ್ಲಿ ಇದಕ್ಕೆ 'ಹಾಂಗ್' ಅನ್ನುತ್ತಾರೆ, ಕೋಣೆ ಅಂತ ಅರ್ಥ. ನಮ್ಮ ಕಡೆಯ ತೊಟ್ಟಿಮನೆ ನೋಡಿದ್ದರೆ ಅದೇ ಸರಿಯಾದ ಹೋಲಿಕೆ. ಸುಮಾರು 20,000 ವರ್ಷದ ಹಿಂದೆ ಸಮುದ್ರ ಈಗಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಇವೆಲ್ಲ ಆಗ ಒಣ ನೆಲದ ಮೇಲಿನ ಬೆಟ್ಟಗಳು. ಹಿಮಯುಗ ಮುಗಿದು ನೀರು ಏರಿತು, ಬೆಟ್ಟಗಳ ಬುಡ ಮುಳುಗಿತು. ಹಾಗಾಗಿ ಈಗ ತೊಟ್ಟಿಯೊಳಗೆ ಹೋಗಬೇಕಾದರೆ ಸಮುದ್ರದ ಮಟ್ಟದಲ್ಲಿರುವ ಸುರಂಗದಂಥ ಗುಹೆಯಲ್ಲೇ ನುಸುಳಬೇಕು. ನೀರು ಪೂರ್ತಿ ಏರಿದರೆ ಸುರಂಗ ಮುಚ್ಚಿಹೋಗುತ್ತದೆ. ತೀರಾ ಇಳಿದರೆ ಕಯಾಕ್, ಅಂದರೆ ಒಳಗೆ ಹೋಗಲು ಬಳಸುವ ಹುಟ್ಟು ಹಾಕುವ ಪುಟ್ಟ ದೋಣಿ, ಕೆಸರಿನಲ್ಲಿ ಕೂರುತ್ತದೆ. ನಡುವೆ ಸಿಗುವ ಹೊತ್ತು ಎಷ್ಟೋ ಅಷ್ಟೇ.

ಆ ಹೊತ್ತು ದಿನಾ ಒಂದೇ ಅಲ್ಲ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ಮಾರನೇ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನ ಏರಿಳಿತ ಬಹಳ ಜೋರು, ಎರಡೂವರೆ ಮೀಟರ್ ದಾಟುವುದೂ ಉಂಟು. ಅಷ್ಟಮಿ, ನವಮಿ ಕಡೆಗೆ ಅದರ ಅರ್ಧವೂ ಇರುವುದಿಲ್ಲ. ಪಂಚಾಂಗ ನೋಡುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಪಟ್ಟಿಯಲ್ಲಿ ಮಾತ್ರ ವರ್ಷವಿಡೀ 'ಬೆಳಿಗ್ಗೆ 11, ಗುಹೆ ದರ್ಶನ' ಅಂತ ಅಚ್ಚಾಗಿತ್ತು.

ಮಾರ್ಚಿನಲ್ಲಿ ನಾನು, ನನ್ನ ತಂಗಿ ಇಬ್ಬರೂ ಹೋಗಿ ಹತ್ತು ದಿನ ಅಲ್ಲೇ ಇದ್ದೆವು. ಪನಾಕ್ ದ್ವೀಪದ ಗುಹೆಗೆ ನಮ್ಮನ್ನು ಕರೆದುಕೊಂಡು ಹೋದವರು ಕೊಲ್ಲಿಯ ದಡದ ಹಳ್ಳಿಯ ಒಬ್ಬ ದೋಣಿಯವರು. ಅಲ್ಲಿನ ಮುಸ್ಲಿಂ ಊರುಗಳಲ್ಲಿ ಅಣ್ಣನಿಗೆ 'ಬಂಗ್' ಅನ್ನುತ್ತಾರೆ, ನಾವೂ ಹಾಗೇ ಕರೆದೆವು. ಬೆಳಿಗ್ಗೆ ಏಳಕ್ಕೇ ಗುಹೆಯ ಮುಂದಿದ್ದೆವು. ಬೇರೆ ಒಂದು ದೋಣಿಯೂ ಇರಲಿಲ್ಲ. ಬಂಗ್ ಒಳಗೆ ಹೋಗಲು ಅವಸರ ಮಾಡಲಿಲ್ಲ. ಇಪ್ಪತ್ತು ನಿಮಿಷ ಸುಮ್ನೆ ಕೂತು ಗುಹೆಯ ಬಾಯಿಯ ಕಲ್ಲನ್ನೇ ನೋಡುತ್ತಿದ್ದರು. ಕಲ್ಲಿಗೆ ಅಂಟಿದ ಸಿಂಪಿ ಚಿಪ್ಪುಗಳ ಸಾಲು ಮೇಲೆ ಬಂದು, ಅದರ ಕೆಳಗೆ ಒಂದು ಗೇಣು ಒದ್ದೆ ಕಲ್ಲು ಕಂಡಮೇಲೆ ಕಯಾಕ್ ಇಳಿಸಿದರು.

ಒಳಗೆ ಕತ್ತಲು, ಬಾವಲಿಗಳ ಗಾಟು ವಾಸನೆ. ಒಂದು ಕಡೆ ಚಾವಣಿ ಎಷ್ಟು ತಗ್ಗು ಅಂದರೆ ಬೆನ್ನು ಚಾಚಿ ಅಂಗಾತ ಮಲಗಬೇಕಾಯಿತು. ಮೂಗಿನಿಂದ ನಾಲ್ಕು ಬೆರಳು ದೂರದಲ್ಲಿ ಚಿಪ್ಪಿನ ಚೂಪು ಅಂಚು ಸರಿದು ಹೋಯಿತು. ಆಮೇಲೆ ಒಮ್ಮೆಗೇ ಬೆಳಕು. ಸುತ್ತ ನೆಟ್ಟಗಿನ ಗೋಡೆ, ಅದರಿಂದ ಇಳಿಬಿದ್ದ ಬೇರು, ಬಳ್ಳಿ. ಕೆಳಗೆ ಕಾಂಡ್ಲಾ ಗಿಡಗಳು ಬೇರಿನ ಕಾಲೂರಿ ನಿಂತಿದ್ದವು. ಕೆಸರಿನ ಮೇಲೆ ಬೆರಳುದ್ದದ ಮೀನುಗಳು ಕಪ್ಪೆಯ ಹಾಗೆ ಕುಪ್ಪಳಿಸುತ್ತಿದ್ದವು. ಹುಟ್ಟಿನಿಂದ ನೀರು ತೊಟ್ಟಿಕ್ಕುವ ಸದ್ದೂ ಕೇಳುತ್ತಿತ್ತು. ನನ್ನ ತಂಗಿ ಏನೋ ಹೇಳಲು ಬಾಯಿ ತೆಗೆದು ಹಾಗೇ ಸುಮ್ಮನಾದಳು. ನನಗೆ ಅಜ್ಜಿ ನೆನಪಾದರು. ಕಯಾಕಿನಲ್ಲಿ ಮಲಗಿಕೊಂಡು ಬರಲು ಅವರ ಮಂಡಿ ಏನೂ ಅಡ್ಡಿ ಮಾಡುತ್ತಿರಲಿಲ್ಲ.

ಈಗ ಖಾಸಗಿ ದೋಣಿಯ ವಿಷಯ. ಖಾಸಗಿ ಅಂದ ಕೂಡಲೇ ದುಡ್ಡಿರುವವರ ಶೋಕಿ ಅನ್ನಿಸಬಹುದು. ನಮ್ಮ ಕಾರಣ ಬೇರೆ. ಮೂವತ್ತು ಜನರ ದೋಣಿ ನೀರಿಗಾಗಿ ಕಾಯಲಾರದು. ಅದಕ್ಕೆ ಹೋಟೆಲುಗಳ ಹೊತ್ತು, ಊಟದ ಹೊತ್ತು, ಮುಂದಿನ ಗುಂಪಿನ ಹೊತ್ತು ಅಂತ ನೂರೆಂಟು ಇರುತ್ತದೆ. ನಿಮ್ಮದೇ ದೋಣಿ ಆದರೆ ಇಪ್ಪತ್ತು ನಿಮಿಷ ಕಲ್ಲು ನೋಡುತ್ತಾ ಕೂರಬಹುದು. ಮಗುವಿಗೆ ವಾಂತಿ ಬಂದರೆ ನೆರಳಲ್ಲಿ ನಿಲ್ಲಿಸಬಹುದು. ನೀರು ಸರಿ ಇಲ್ಲದಿದ್ದರೆ ಮೊದಲು ಊಟ, ಆಮೇಲೆ ಗುಹೆ ಅಂತ ಹಿಂದುಮುಂದು ಮಾಡಬಹುದು.

ನಾವು ಗೊತ್ತು ಮಾಡಿರುವುದು ಅಲ್ಲಿನ ಮರದ ಉದ್ದಬಾಲದ ದೋಣಿ. ಲಾರಿಯ ಎಂಜಿನಿನಂಥದ್ದನ್ನು ಹಿಂದೆ ಕೂರಿಸಿ, ಅದಕ್ಕೆ ಉದ್ದನೆ ಕಬ್ಬಿಣದ ದಂಡ ಜೋಡಿಸಿ, ತುದಿಗೆ ಫ್ಯಾನು ಹಾಕಿರುತ್ತಾರೆ. ನೀರು ಕಡಿಮೆ ಇರುವ ಕಡೆ ದಂಡವನ್ನು ಮೇಲೆತ್ತಿ ದಾಟಿಸುತ್ತಾರೆ. ಮೇಲೆ ಬಿಸಿಲಿಗೆ ಚಪ್ಪರ ಇದೆ. ಸದ್ದು ಜೋರು, ಅದನ್ನು ಮುಚ್ಚಿಡುವುದಿಲ್ಲ. ಸ್ಪೀಡ್‌ಬೋಟಿಗಿಂತ ನಿಧಾನ. ದೋಣಿಯಲ್ಲಿ ಶೌಚಾಲಯ ಇಲ್ಲ. ಹಿರಿಯರು, ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು ಇದ್ದರೆ ಸಂಕೋಚಪಡದೆ ಮೊದಲೇ ಹೇಳಿ. ದಡ ಸಿಗುವ ಜಾಗಗಳನ್ನು ಹತ್ತಿರ ಹತ್ತಿರ ಬರುವ ಹಾಗೆ ಜೋಡಿಸುತ್ತೇವೆ. ಒಂದು ದೋಣಿಗೆ ಎಂಟು ಜನಕ್ಕಿಂತ ಜಾಸ್ತಿ ಹತ್ತಿಸುವುದಿಲ್ಲ. ಮಕ್ಕಳ ಅಳತೆಯದ್ದೂ ಸೇರಿ ಲೈಫ್ ಜಾಕೆಟ್ ಇರುತ್ತದೆ, ಹಾಕಿಕೊಳ್ಳದೆ ದೋಣಿ ಬಿಡುವುದಿಲ್ಲ.

ಇನ್ನೊಂದು ಮಾತು, ಇದು ನನ್ನ ಕಳಕಳಿಯ ವಿನಂತಿ. ದೋಣಿಯ ಮೂತಿಗೆ ಬಣ್ಣದ ಬಟ್ಟೆ, ಹೂವಿನ ಹಾರ ಕಟ್ಟಿರುತ್ತಾರೆ. ಅದು ದೋಣಿ ಕಾಯುವ ತಾಯಿ ಮೇ ಯಾ ನಾಂಗ್‌ಗೆ ಸಲ್ಲಿಸಿದ್ದು. ದಯವಿಟ್ಟು ಅದರ ಮೇಲೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳಬೇಡಿ. ನಮ್ಮ ಕರಾವಳಿಯಲ್ಲೂ ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ, ಹಾಲು ಕೊಟ್ಟು ಪೂಜೆ ಮಾಡುತ್ತಾರಲ್ಲ, ಆ ಭಾವನೆಯೇ ಇದು.

ಆರು ಜಾಗ ಮೂರಾದರೆ ಯಾವುದು ಹೋಯಿತು ಅಂತ ಕೇಳುತ್ತೀರಿ. ಜಾಸ್ತಿ ಜನ ಕೇಳುವುದು ಜೇಮ್ಸ್ ಬಾಂಡ್ ದ್ವೀಪ. ಅಲ್ಲಿಯವರು ಅದನ್ನು ಕರೆಯುವ ಹೆಸರು ಖಾವ್ ಫಿಂಗ್ ಕಾನ್. ಅದರೆದುರಿಗೆ ನೀರಿನಲ್ಲಿ ನಿಂತಿರುವ 20 ಮೀಟರ್ ಎತ್ತರದ ಒಂಟಿ ಬಂಡೆ ಕೋ ತಾಪು, ಅಂದರೆ ಮೊಳೆ ದ್ವೀಪ. ಬುಡ ಸವೆದು ಸವೆದು ಮೇಲಿಗಿಂತ ಕೆಳಗೇ ಸಪೂರ ಆಗಿದೆ. 1974ರಲ್ಲಿ ಬಂದ ಬಾಂಡ್ ಸಿನಿಮಾದಿಂದ ಹೆಸರಾಯಿತು. ಬಂಡೆಗೆ ಪೆಟ್ಟಾಗಬಾರದು ಅಂತ 1998ರಿಂದ ದೋಣಿಗಳನ್ನು ಅದರ ಹತ್ತಿರ ಬಿಡುವುದಿಲ್ಲ. ಜೇಮ್ಸ್ ಬಾಂಡ್ ದ್ವೀಪದಲ್ಲಿ ಇಳಿಯುವುದನ್ನು ನಮ್ಮ ಪಟ್ಟಿಯಿಂದ ತೆಗೆದಿದ್ದೇವೆ. ನಡುಹಗಲಿನ ನೂಕುನುಗ್ಗಲಿನಲ್ಲಿ ಒಂದು ಗಂಟೆ ಕಳೆಯುವುದಕ್ಕಿಂತ ದೂರದಿಂದ ದೋಣಿಯಲ್ಲೇ ನಿಂತು ನೋಡುವುದು ಚೆಂದ ಅನ್ನುವುದು ನನ್ನ ಅಭಿಪ್ರಾಯ. ಇಳಿಯಲೇಬೇಕು ಅನ್ನುವವರು ಹೇಳಿ, ಆ ದಿನದ ನೀರು, ಹೊತ್ತು ಹೊಂದಿದರೆ ಇಳಿಸುತ್ತೇವೆ. ಶೌಚಾಲಯವೂ ಅಲ್ಲಿದೆ.

ಪನ್ಯೀ ಊರನ್ನು ಮಾತ್ರ ಬಿಡುವುದಿಲ್ಲ. ದೊಡ್ಡ ಬಂಡೆಯ ಬುಡದಲ್ಲಿ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮೀನುಗಾರರ ಊರು. ಇವರ ಹಿರಿಯರು ಜಾವಾ ಕಡೆಯಿಂದ ಬಂದವರು. ಅಲ್ಲಿ ಶಾಲೆ ಇದೆ, ಮಸೀದಿ ಇದೆ. 1986ರಲ್ಲಿ ಟಿವಿಯಲ್ಲಿ ವಿಶ್ವಕಪ್ ನೋಡಿದ ಹುಡುಗರು ಹಳೇ ಮರ, ಮೀನಿನ ತೆಪ್ಪದ ಹಲಗೆ ಸೇರಿಸಿ ತೇಲುವ ಫುಟ್‌ಬಾಲ್ ಮೈದಾನ ಮಾಡಿಕೊಂಡರು. ಇಡೀ ಊರು ಓಡಾಡುವುದು ಹಲಗೆಯ ಮೇಲೆ, ಆಡಲು ಬೇರೆ ನೆಲವೇ ಇರಲಿಲ್ಲ. ಈಗಲೂ ಅಲ್ಲಿ ತೇಲುವ ಮೈದಾನ ಇದೆ. ನಿಮ್ಮ ಮಕ್ಕಳು ಅಲ್ಲಿಂದ ಬೇಗ ಏಳುವುದಿಲ್ಲ, ಹಾಗಾಗಿ ಅಲ್ಲಿಗೆ ಒಂದೂವರೆ ಗಂಟೆ ಇಟ್ಟಿದ್ದೇವೆ. ಊರಿನವರ ಮರ್ಯಾದೆಗೆ ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಮದ್ಯ ಒಯ್ಯಬೇಡಿ.

ಊಟದಲ್ಲೂ ಒಂದು ತಪ್ಪು ತಿದ್ದಿಕೊಂಡಿದ್ದೇವೆ. 'ಸಸ್ಯಾಹಾರ ಸಿಗುತ್ತದೆ' ಅಂತ ಬರೆಯುತ್ತಿದ್ದೆವು. ತರಕಾರಿ ಪಲ್ಯ ಸಿಗುತ್ತಿತ್ತು ನಿಜ, ಆದರೆ ಅಲ್ಲಿನ ಅಡುಗೆಯಲ್ಲಿ ಮೀನಿನ ಸಾಸು ನಮ್ಮ ಒಗ್ಗರಣೆಯ ಹಾಗೆ, ಕೇಳದೆಯೇ ಬೀಳುತ್ತದೆ. ಈಗ ಸಸ್ಯಾಹಾರಿಗಳಿಗೆ ಫುಕೆಟ್ ಪೇಟೆಯ 'ಜೇ' ಅಡುಗೆಮನೆಯಿಂದ ಊಟ ಕಟ್ಟಿಸುತ್ತೇವೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿಗಳು ಅವು. ಜೇ ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಫುಕೆಟ್‌ನಲ್ಲಿ ವರ್ಷಕ್ಕೊಮ್ಮೆ ಒಂಬತ್ತು ದಿನ ಈ ವ್ರತದ ದೊಡ್ಡ ಹಬ್ಬವೇ ನಡೆಯುತ್ತದೆ, ಸಾಮಾನ್ಯವಾಗಿ ನಮ್ಮ ನವರಾತ್ರಿಯ ಹೊತ್ತಿಗೆ. ದಸರಾ ರಜೆಗೆ ಹೋಗುವವರಿಗೆ ಊಟದ ಚಿಂತೆ ಬಹಳ ಕಡಿಮೆ. ಊಟ ಬರುವುದು ಸ್ಟೀಲಿನ ಟಿಫನ್ ಕ್ಯಾರಿಯರ್‌ನಲ್ಲಿ, ಅಲ್ಲೂ ಅದು ಮನೆಮನೆಯ ವಸ್ತು, 'ಪಿಂಟೋ' ಅನ್ನುತ್ತಾರೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್, ಥರ್ಮಾಕೋಲ್ ಡಬ್ಬಿ ಉದ್ಯಾನದೊಳಗೆ ನಿಷೇಧ. ಕುಡಿಯುವ ನೀರಿನ ಕ್ಯಾನ್ ದೋಣಿಯಲ್ಲಿರುತ್ತದೆ, ಬಾಟಲಿ ನಿಮ್ಮದು ತನ್ನಿ.

ಸನ್‌ಸ್ಕ್ರೀನ್ ಬಗ್ಗೆಯೂ ಗಮನ ಕೊಡಿ. ಹವಳಕ್ಕೆ ಹಾನಿ ಮಾಡುವ ನಾಲ್ಕು ರಾಸಾಯನಿಕ ಇರುವ ಕ್ರೀಮುಗಳನ್ನು 2021ರಲ್ಲಿ ಥಾಯ್ಲೆಂಡ್ ತನ್ನ ಸಮುದ್ರ ಉದ್ಯಾನಗಳಲ್ಲಿ ನಿಷೇಧಿಸಿದೆ. ದಂಡ ಥಾಯ್ ಹಣದಲ್ಲಿ ಒಂದು ಲಕ್ಷ ಬಾತ್‌ವರೆಗೂ ಇದೆ. ಡಬ್ಬಿಯ ಮೇಲೆ ಆಕ್ಸಿಬೆನ್‌ಝೋನ್, ಆಕ್ಟಿನಾಕ್ಸೇಟ್ ಅಂತ ಇದ್ದರೆ ಮನೆಯಲ್ಲೇ ಬಿಡಿ. ಉದ್ದ ತೋಳಿನ ತೆಳು ಅಂಗಿ, ಟೋಪಿ ಅದಕ್ಕಿಂತ ಒಳ್ಳೆಯದು.

ದರದ ಹಾಳೆ ಈ ಪತ್ರದ ಜೊತೆಗಿದೆ. ಆರೇಳು ಜನರ ಮನೆಯವರಿಗೆ ಹೆಚ್ಚುಕಡಿಮೆ ಮೊದಲಿನಷ್ಟೇ ಬೀಳುತ್ತದೆ. ಗಂಡ ಹೆಂಡತಿ ಇಬ್ಬರೇ ಹೋದರೆ ಜಾಸ್ತಿ ಆಗುತ್ತದೆ, ಇದು ನಮಗೂ ಬೇಸರದ ವಿಷಯ. ಅಂಥವರು ಒಪ್ಪಿದರೆ ಅದೇ ದಿನ ಹೋಗುವ ನಮ್ಮದೇ ಇನ್ನೊಂದು ಮನೆಯವರ ಜೊತೆ ಕೂರಿಸುತ್ತೇವೆ, ಇಬ್ಬರನ್ನೂ ಕೇಳಿದ ಮೇಲೇ. ಉದ್ಯಾನದ ಶುಲ್ಕ ಬೇರೆ, ವಿದೇಶಿ ದೊಡ್ಡವರಿಗೆ 300 ಬಾತ್, ಮಕ್ಕಳಿಗೆ 150.

ಹೊರಡುವ ಹೊತ್ತು ಬೆಳಗಿನ ಆರೂವರೆ ಆಗಬಹುದು, ಹನ್ನೊಂದೂ ಆಗಬಹುದು. ನಿಮ್ಮ ತಾರೀಖು ಗೊತ್ತಾದ ಕೂಡಲೇ ಆ ದಿನದ ನೀರಿನ ಪಟ್ಟಿ ನೋಡಿ ಬರೆದು ಕಳಿಸುತ್ತೇವೆ. ಪಾಟಾಂಗ್ ಕಡೆಯ ಹೋಟೆಲಿನಿಂದ ಆವೋ ಪೋ ಜೆಟ್ಟಿಗೆ ಸುಮಾರು ಒಂದು ಗಂಟೆ ದಾರಿ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಷ್ಟಾದರೂ ಗಾಳಿ ಮಳೆ ಜೋರಾದರೆ ಬಂಗ್ ಬೇಡ ಅನ್ನಬಹುದು. ಕೊಲ್ಲಿ ಸುತ್ತ ನೆಲದಿಂದ ಮರೆಯಾಗಿರುವುದರಿಂದ ಮಳೆಗಾಲದಲ್ಲೂ ದೋಣಿಗಳು ಹೋಗುತ್ತವೆ, ಆದರೆ ಅವರು ಬೇಡ ಅಂದ ದಿನ ನಾವು ಒತ್ತಾಯ ಮಾಡುವುದಿಲ್ಲ. ಬೇರೆ ದಿನ ಹೊಂದಿದರೆ ಕರೆದುಕೊಂಡು ಹೋಗುತ್ತೇವೆ, ಇಲ್ಲದಿದ್ದರೆ ದೋಣಿಯ ಪೂರ್ತಿ ಹಣ ವಾಪಸ್. ದೋಣಿ ಹೋಗಿಯೂ ಗುಹೆಯ ಒಳಗೆ ಹೋಗಲಾಗದಿದ್ದರೆ ಅರ್ಧ ಹಣ ವಾಪಸ್.

ಈಗಾಗಲೇ ಮುಂಗಡ ಕೊಟ್ಟವರು ಈ ತಿಂಗಳ ಕೊನೆಯೊಳಗೆ ಮೂರು ವಿಷಯ ತಿಳಿಸಿ: ಎಷ್ಟು ಜನ, ಅವರ ವಯಸ್ಸು, ತಾರೀಖನ್ನು ಒಂದೆರಡು ದಿನ ಆಚೆ ಈಚೆ ಮಾಡಬಹುದೋ ಇಲ್ಲವೋ. ಹಳೆಯ ಕ್ರಮವೇ ಬೇಕು ಅನ್ನುವವರಿಗೆ ಮುಂಗಡ ಪೂರ್ತಿ ಹಿಂದಿರುಗಿಸುತ್ತೇವೆ. ಫೋನ್ ಮಾಡುವುದಾದರೆ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನನ್ನ ತಂಗಿ ಸಿಗುತ್ತಾಳೆ, ನೀರಿನ ಪಟ್ಟಿ ಅವಳ ಮೇಜಿನ ಮೇಲೇ ಇದೆ.

ಇಂತಿ ನಿಮ್ಮವರು,
ಮೈಸೂರಿನ ಕಚೇರಿಯ ಅಣ್ಣ ತಂಗಿ