ಇಳಿದೆ ಅನ್ನುವ ಒಂದು ಮಾತು

ನ್ಯೂ ಸೌತ್ ವೇಲ್ಸ್, ಆಸ್ಟ್ರೇಲಿಯಾ
ಜನವರಿ 17, ರಾತ್ರಿ

ಪ್ರೀತಿಯ ಅಪ್ಪ, ಅಮ್ಮ,

ಅಪ್ಪ, ಹೋದ ಭಾನುವಾರ ಫೋನಿನಲ್ಲಿ ನೀವು ಒಂದು ಪ್ರಶ್ನೆ ಕೇಳಿದ್ದಿರಿ. "ಓಟದ ಪಂದ್ಯಕ್ಕೆ ನೆಲದ ಮೇಲೆ ಗೆರೆ ಇರುತ್ತೆ. ಆಕಾಶದಲ್ಲಿ ಗೆರೆ ಎಲ್ಲಿ ಎಳೀತೀರಿ?" ನಾನು ಬಾಯಿ ತೆರೆಯುವಷ್ಟರಲ್ಲಿ ಲೈನ್ ಹೋಯಿತು. ಅಮ್ಮ, ನೀನು ಅದಕ್ಕೂ ಮೊದಲೇ "ಈ ಸಲ ನೀನು ಹಾರ್ತಿಲ್ಲ ತಾನೇ? ನನಗೆ ಅಷ್ಟು ಸಾಕು" ಅಂದಿದ್ದೆ. ಇಬ್ಬರಿಗೂ ಸೇರಿಸಿ ಇವತ್ತು ಬರೆಯುತ್ತಿದ್ದೇನೆ. ನಿನಗೆ ಹೇಳಬೇಕಾದ ಒಂದು ಮಾತು ಬೇರೆಯೇ ಇದೆ, ಅಮ್ಮ. ಅದು ಕೊನೆಗೆ ಬರುತ್ತದೆ.

ಹೌದು, ಈ ಸಲ ನಾನು ಹಾರುತ್ತಿಲ್ಲ. ಹ್ಯಾಂಗ್ ಗ್ಲೈಡಿಂಗ್, ಅಂದರೆ ಎಂಜಿನ್ ಇಲ್ಲದ ರೆಕ್ಕೆಯ ಕೆಳಗೆ ತೂಗಿಕೊಂಡು ಹಾರುವ ಆಟ, ಅದರ ಸ್ಪರ್ಧೆ ನಡೆಸುವವರ ಜೊತೆ ಇದ್ದೇನೆ. ಅಂಕ ಹಾಕುವುದು, ಯಾರು ಎಲ್ಲಿದ್ದಾರೆ ಅಂತ ಲೆಕ್ಕ ಇಡುವುದು, ಇದು ನನ್ನ ಕೆಲಸ. ನಲವತ್ತೆಂಟು ಪೈಲಟ್‌ಗಳು, ಅವರನ್ನು ಎಳೆದು ಮೇಲೇರಿಸುವ ಆರು ಟಗ್ ವಿಮಾನಗಳು, ಸುತ್ತಲೂ ಕಣ್ಣು ಹಾಯುವಷ್ಟು ದೂರ ಚಪ್ಪಟೆ ನೆಲ. ಗೋಧಿ ಕಟಾವಾಗಿ ಬರಿದಾದ ಹೊಲಗಳು. ಬಿಸಿಲು ಏರುತ್ತಿದ್ದ ಹಾಗೆ ಆ ಹೊಲಗಳಿಂದ ಬಿಸಿ ಗಾಳಿ ಮೇಲೇಳುತ್ತದೆ. ಇದಕ್ಕೆ ಥರ್ಮಲ್ ಅನ್ನುತ್ತೇವೆ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಏರುತ್ತವಲ್ಲ, ನಾವೂ ಹಾಗೇ ಏರುವುದು. ಒಳ್ಳೆಯ ದಿನ ಸೆಕೆಂಡಿಗೆ ಮೂರು ನಾಲ್ಕು ಮೀಟರ್ ಏರಿ, ಎರಡೂವರೆ ಮೂರು ಸಾವಿರ ಮೀಟರ್ ಎತ್ತರ ಮುಟ್ಟಬಹುದು. ಅಲ್ಲಿಂದ ಮುಂದಕ್ಕೆ ಜಾರಬೇಕು. ಈಗಿನ ರೇಸ್ ಗ್ಲೈಡರ್‌ಗಳು ಒಂದು ಸಾವಿರ ಮೀಟರ್ ಎತ್ತರಕ್ಕೆ ಸುಮಾರು 15 ಕಿ.ಮೀ. ಜಾರುತ್ತವೆ. ಇಳಿಯುತ್ತಾ ಇಳಿಯುತ್ತಾ ಇನ್ನೊಂದು ಥರ್ಮಲ್ ಹುಡುಕಬೇಕು. ಸಿಕ್ಕರೆ ಮತ್ತೆ ಏರುವುದು, ಸಿಗದಿದ್ದರೆ ಯಾರದೋ ಹೊಲದಲ್ಲಿ ಇಳಿಯುವುದು.

ಈಗ ನಿಮ್ಮ ಗೆರೆ, ಅಪ್ಪ. ಆಕಾಶದಲ್ಲಿ ಗೆರೆ ಇಲ್ಲ, ಗೋಡೆ ಇದೆ. ಒಂದು ದೊಡ್ಡ ದುಂಡು ಬಾವಿಯ ಗೋಡೆ ನೆಲದಿಂದ ಆಕಾಶದ ತನಕ ಎದ್ದು ನಿಂತಿದೆ ಅಂದುಕೊಳ್ಳಿ. ಕಣ್ಣಿಗೆ ಕಾಣುವುದಿಲ್ಲ. ಪ್ರತಿ ಪೈಲಟ್‌ನ ಕೈಹತ್ತಿರದ ಜಿಪಿಎಸ್‌ಗೆ ಮಾತ್ರ ಗೊತ್ತು. ದಾರಿಯಲ್ಲಿ ಮುಟ್ಟಬೇಕಾದ ಜಾಗಕ್ಕೆ ಟರ್ನ್‌ಪಾಯಿಂಟ್ ಅನ್ನುತ್ತೇವೆ. ಇಲ್ಲಿ ಅದು ಯಾವುದೋ ಸಣ್ಣ ಊರಿನ ಧಾನ್ಯದ ಸೈಲೊ ಆಗಿರಬಹುದು, ಎರಡು ರಸ್ತೆ ಕೂಡುವ ಜಾಗ ಆಗಿರಬಹುದು. ಅದರ ಸುತ್ತ ಇಷ್ಟು ದೂರದ ಒಂದು ವೃತ್ತ. ಅದರೊಳಗೆ ಒಮ್ಮೆ ಹೊಕ್ಕರೆ ಸಾಕು, ಮುಂದಿನದಕ್ಕೆ ಹೋಗಬಹುದು. ಸಂಜೆ ಪೈಲಟ್‌ಗಳು ತಮ್ಮ ಟ್ರ್ಯಾಕ್‌ಲಾಗ್ ಕೊಡುತ್ತಾರೆ. ಎಷ್ಟು ಹೊತ್ತಿಗೆ ಎಲ್ಲಿದ್ದರು, ಎಷ್ಟು ಎತ್ತರದಲ್ಲಿದ್ದರು ಅನ್ನುವುದೆಲ್ಲ ಅದರಲ್ಲಿ ಇರುತ್ತದೆ. ವಾದಕ್ಕೆ ಜಾಗವೇ ಇಲ್ಲ.

ಹೊರಡುವುದೂ ಹೀಗೇ. ಏರ್‌ಫೀಲ್ಡ್ ಸುತ್ತ ದೊಡ್ಡ ವೃತ್ತ. ಹೊರಡಲು ಗೊತ್ತು ಮಾಡಿದ ಹೊತ್ತಿಗೆ ಗೇಟ್ ಅನ್ನುತ್ತೇವೆ. 1:40ಕ್ಕೆ ಒಂದು ಗೇಟ್, 2:00ಕ್ಕೆ ಒಂದು, 2:20ಕ್ಕೆ ಒಂದು. ಎಲ್ಲರೂ ಒಳಗೇ ಸುತ್ತುತ್ತಾ ಕಾಯುತ್ತಾರೆ. 1:47ಕ್ಕೆ ಗೋಡೆ ದಾಟಿದರೂ ಗಡಿಯಾರ 1:40ರಿಂದಲೇ ಓಡುತ್ತದೆ. ಆ ಏಳು ನಿಮಿಷ ಕಳೆದುಹೋದ ಹಾಗೆ. ಅದಕ್ಕೇ ಗೇಟ್ ತೆರೆಯುವ ಕ್ಷಣಕ್ಕೆ ಗೋಡೆಯ ಅಂಚಿನಲ್ಲಿ, ಮೋಡದ ತಳದಲ್ಲಿ, ಆದಷ್ಟು ಎತ್ತರದಲ್ಲಿ ಇರಬೇಕು. ಹತ್ತಾರು ಗ್ಲೈಡರ್‌ಗಳು ಒಂದೇ ಥರ್ಮಲ್‌ನಲ್ಲಿ ಒಂದರ ಮೇಲೊಂದು ಸುತ್ತುವುದನ್ನು ನೆಲದಿಂದ ನೋಡುತ್ತಾ ನಿಂತರೆ ಕುತ್ತಿಗೆ ನೋಯುವುದೂ ಗೊತ್ತಾಗುವುದಿಲ್ಲ. ಮೊದಲು ಒಳಗೆ ಬಂದವರು ಯಾವ ಕಡೆ ಸುತ್ತುತ್ತಾರೋ ಉಳಿದವರೂ ಅದೇ ಕಡೆ ಸುತ್ತಬೇಕು. ಇದನ್ನು ಮುರಿದವರನ್ನು ಯಾರೂ ಸುಮ್ಮನೆ ಬಿಡುವುದಿಲ್ಲ.

ನನಗೆ ಜಾಸ್ತಿ ಇಷ್ಟವಾದ ವಿಷಯ ಈಗ ಹೇಳುತ್ತೇನೆ. ಮುಂದೆ ಹಾರುವವನಿಗೆ ದಾರಿ ತೋರಿಸುವವರು ಯಾರೂ ಇಲ್ಲ. ಥರ್ಮಲ್ ಎಲ್ಲಿದೆ ಅಂತ ಅವನೇ ಹುಡುಕಬೇಕು. ಹಿಂದೆ ಬರುವವರಿಗೆ ಅವನು ಸುತ್ತುವುದು ಕಾಣುತ್ತದೆ, ನೇರ ಅಲ್ಲಿಗೆ ಬಂದು ಸೇರುತ್ತಾರೆ. ಬರೀ ಸಮಯ ನೋಡಿ ಅಂಕ ಕೊಟ್ಟರೆ ಎಲ್ಲರೂ ಹಿಂದೆಯೇ ಉಳಿಯುತ್ತಾರೆ, ಯಾರೂ ಮೊದಲು ಹೊರಡುವುದಿಲ್ಲ. ಗೆರಾಲ್ಫ್ ಹೈನ್‌ರಿಕ್ಸ್, ಆಂಜೆಲೊ ಕ್ರಪಂಜಾನೊ, ಪಾಲ್ ಮಾಲಿಸನ್ ಅನ್ನುವ ಮೂವರು ಸೇರಿ ಮಾಡಿದ ಅಂಕದ ಪದ್ಧತಿಯನ್ನು ನಾವು ಬಳಸುತ್ತೇವೆ. ಅವರ ಹೆಸರಿನ ಮೊದಲ ಅಕ್ಷರಗಳಿಂದ ಅದಕ್ಕೆ ಗ್ಯಾಪ್ ಅಂತ ಹೆಸರು. ಒಂದು ದಿನಕ್ಕೆ ಹೆಚ್ಚೆಂದರೆ 1000 ಅಂಕ. ದೂರಕ್ಕೆ ಇಷ್ಟು, ವೇಗಕ್ಕೆ ಇಷ್ಟು, ಮುಂದೆ ನಿಂತು ದಾರಿ ಮಾಡಿದ್ದಕ್ಕೂ ಇಷ್ಟು. ಅಂಕದ ಲೆಕ್ಕದೊಳಗೆ ಧೈರ್ಯಕ್ಕೂ ಒಂದು ಪಾಲು ಇಟ್ಟಿದ್ದಾರಲ್ಲ, ಅದು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಟಾಸ್ಕ್, ಅಂದರೆ ಆ ದಿನ ಹಾರಬೇಕಾದ ದಾರಿ, ತೀರಾ ಚಿಕ್ಕದಾಗಿ ಬೇಗ ಮುಗಿದರೆ, ಅಥವಾ ಹೆಚ್ಚಿನವರು ಹತ್ತಿರದಲ್ಲೇ ಇಳಿದುಬಿಟ್ಟರೆ, ಆ ದಿನದ ಬೆಲೆಯೇ 1000ಕ್ಕಿಂತ ಕೆಳಗೆ ಇಳಿಯುತ್ತದೆ. ಅಂಥ ದಿನ ಗೆದ್ದವರಿಗೂ ಪೂರ್ತಿ ಸಿಗುವುದಿಲ್ಲ.

ಹಾಗಾಗಿ ಬೆಳಿಗ್ಗೆ ಟಾಸ್ಕ್ ಹಾಕುವುದೇ ಕಷ್ಟದ ಕೆಲಸ. ಸ್ಪರ್ಧೆಯ ಹೊಣೆ ಹೊತ್ತ ಮೀಟ್ ಡೈರೆಕ್ಟರ್ ಜೊತೆ ಅನುಭವ ಇರುವ ಕೆಲವು ಪೈಲಟ್‌ಗಳು ಮ್ಯಾಪ್ ಮುಂದೆ ಕೂರುತ್ತಾರೆ. ಗಾಳಿ ಯಾವ ಕಡೆಯಿಂದ, ಮೋಡ ಎಷ್ಟು ಹೊತ್ತಿಗೆ ಗುಡುಗಿಗೆ ತಿರುಗಬಹುದು, ದೊಡ್ಡ ವಿಮಾನಗಳ ದಾರಿ ಎಲ್ಲಿದೆ, ರಸ್ತೆ ಇಲ್ಲದ ಕಾಡು ಎಲ್ಲಿದೆ, ಎಲ್ಲ ನೋಡಬೇಕು. ಯಾರೂ ಮುಟ್ಟಲಾರದ ಗೋಲ್ ಇಡುವುದು ದೊಡ್ಡಸ್ತಿಕೆ ಅಲ್ಲ ಅಂತ ನನಗೆ ಈ ಒಂದು ವಾರದಲ್ಲಿ ಖಚಿತವಾಯಿತು. ಇಳಿದವರನ್ನು ಕರೆತರಲು ಡ್ರೈವರ್‌ಗಳು ರಾತ್ರಿಯೆಲ್ಲ ಕಾರು ಓಡಿಸಬೇಕು, ಮಾರನೆಯ ದಿನ ಎಲ್ಲರೂ ಸುಸ್ತು. ಸುಸ್ತಾದವರೇ ತಪ್ಪು ಮಾಡುವುದು.

ಹಾರಿಸುವ ಲೆಕ್ಕವೂ ಇದೆ. ಇಲ್ಲಿ ಬೆಟ್ಟ ಇಲ್ಲವಲ್ಲ, ಅದಕ್ಕೆ ಟಗ್ ಅನ್ನುವ ಪುಟ್ಟ ವಿಮಾನ ಹಗ್ಗ ಕಟ್ಟಿ ಎಳೆದು ಸುಮಾರು 600 ಮೀಟರ್ ಎತ್ತರದಲ್ಲಿ ಬಿಡುತ್ತದೆ. ಗ್ಲೈಡರ್ ಚಕ್ರದ ಡಾಲಿ ಮೇಲೆ ಕೂತು ಓಡುತ್ತದೆ, ಮೇಲೆದ್ದ ಮೇಲೆ ಡಾಲಿ ನೆಲದಲ್ಲೇ ಉಳಿಯುತ್ತದೆ. ಹಗ್ಗದಲ್ಲಿ ವೀಕ್ ಲಿಂಕ್ ಅಂತ ಒಂದು ತೆಳು ದಾರದ ಕೊಂಡಿ ಇರುತ್ತದೆ. ಎಳೆತ ಮಿತಿ ಮೀರಿದರೆ ಅದು ಮೊದಲು ಹರಿಯಬೇಕು. ಒಂದು ಸುತ್ತಿಗೆ ಎಂಟು ಒಂಬತ್ತು ನಿಮಿಷ. ಆರು ಟಗ್, ನಲವತ್ತೆಂಟು ಜನ, ಅಂದರೆ ತಲಾ ಎಂಟು ಸುತ್ತು, ಒಂದು ಗಂಟೆಗೂ ಮೇಲೆ. ನಡುವೆ ಗಾಳಿ ತಿರುಗಿದರೆ ಸಾಲನ್ನೇ ಎತ್ತಿ ಇನ್ನೊಂದು ತುದಿಗೆ ಒಯ್ಯಬೇಕು. ಕೊನೆಯವರಿಗೂ ಮೊದಲನೆಯವರಷ್ಟೇ ಅವಕಾಶ ಸಿಗಬೇಕಲ್ವಾ?

ಅಪ್ಪ, ಹಳೆಯ ಯಂತ್ರಗಳ ಕಥೆ ಅಂದರೆ ನಿಮಗೆ ಇಷ್ಟ. ಇದೇ ರಾಜ್ಯದ ಗ್ರಾಫ್ಟನ್ ಅನ್ನುವ ಊರಿನಲ್ಲಿ ಜಾನ್ ಡಿಕನ್ಸನ್ 1963ರಲ್ಲಿ ಒಂದು ರೆಕ್ಕೆ ಕಟ್ಟಿದರು. ದೋಣಿಯಿಂದ ಎಳೆಸಿ ನದಿಯ ಮೇಲೆ ಹಾರಿಸಿದ್ದು. ಕೆಳಗೆ ತೂಗುವ ಮನುಷ್ಯ ತ್ರಿಕೋನದ ಬಾರ್ ಹಿಡಿದು, ಮೈಯ ಭಾರವನ್ನೇ ಅತ್ತಿತ್ತ ಮಾಡಿ ತಿರುಗಿಸುವುದು. ಇವತ್ತಿಗೂ ನಾವು ಮಾಡುವುದು ಅದನ್ನೇ. ಹತ್ತಿರದ ಫೋರ್ಬ್ಸ್‌ನಲ್ಲಿ 2013ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಆಯಿತು, ಆಸ್ಟ್ರಿಯಾದ ಮನ್‌ಫ್ರೆಡ್ ರೂಮರ್ ಗೆದ್ದರು. ಎಷ್ಟು ದೂರ ಹೋಗಬಹುದು ಅಂತಲೂ ಒಮ್ಮೆ ಕೇಳಿದ್ದಿರಿ. 2012ರ ಜುಲೈ 4ರಂದು ಅಮೆರಿಕದ ಟೆಕ್ಸಾಸ್‌ನ ಜಪಾಟಾದಿಂದ ಡಸ್ಟಿನ್ ಮಾರ್ಟಿನ್, ಆಸ್ಟ್ರೇಲಿಯಾದ ಜಾನಿ ಡುರಾಂಡ್ ಇಬ್ಬರೂ ಹೊರಟರು. ಒಬ್ಬರು 764 ಕಿ.ಮೀ., ಇನ್ನೊಬ್ಬರು 761. ದಿನವೆಲ್ಲ ಹಾರಿದ ಮೇಲೆ ಉಳಿದ ಅಂತರ ಮೂರೇ ಕಿಲೋಮೀಟರ್!

ಬುಧವಾರದ ಸಂಗತಿ ಬರೆಯಬೇಕು. ಅದಕ್ಕೇ ಈ ಕಾಗದ.

ಅವತ್ತು ಮಧ್ಯಾಹ್ನ ಪಶ್ಚಿಮದಲ್ಲಿ ಮೋಡ ದಪ್ಪವಾಗುತ್ತಾ ಬಂತು. ಹಾರುತ್ತಿರುವ ಪೈಲಟ್‌ಗಳು ರೇಡಿಯೊದಲ್ಲಿ ಹವೆಯ ಮಟ್ಟ ಹೇಳುತ್ತಿರಬೇಕು. ಒಂದು ಅಂದರೆ ಸರಿಯಿದೆ, ಎರಡು ಅಂದರೆ ಎಚ್ಚರ, ಮೂರು ಅಂದರೆ ಇನ್ನು ಹಾರಬಾರದು. ಎರಡು, ಎರಡು ಅಂತ ಕೇಳುತ್ತಿತ್ತು. ಆಮೇಲೆ ಒಬ್ಬರು ಮೂರು ಅಂದರು. 4:10ಕ್ಕೆ ಡೈರೆಕ್ಟರ್ ಟಾಸ್ಕ್ ನಿಲ್ಲಿಸಿದರು. ಮೂವರು ಗೋಲ್‌ಗೆ ಎಂಟು ಕಿಲೋಮೀಟರ್ ದೂರದಲ್ಲಿ ಇದ್ದರು. ಹೀಗೆ ನಿಲ್ಲಿಸಿದಾಗ ಲೆಕ್ಕವನ್ನು ಒಂದು ಗೇಟ್‌ನಷ್ಟು, ಅಂದರೆ ನಮ್ಮಲ್ಲಿ ಇಪ್ಪತ್ತು ನಿಮಿಷ, ಹಿಂದಕ್ಕೆ ಎಳೆಯುತ್ತೇವೆ. 3:50ಕ್ಕೆ ಯಾರು ಎಲ್ಲಿದ್ದರೋ ಅಷ್ಟಕ್ಕೇ ಅಂಕ. ಗುಡುಗು ಕೇಳಿದ ಮೇಲೂ ಮುಂದೆ ನುಗ್ಗಿದರೆ ಏನೂ ಸಿಗಬಾರದು ಅಂತ ಈ ನಿಯಮ. ಆ ಮೂವರಿಗೆ ಬೇಜಾರಾಗಿದ್ದು ನಿಜ. ಅರ್ಧ ಗಂಟೆಯಲ್ಲಿ ಬಿರುಗಾಳಿ ಬಂದು ನಮ್ಮ ಟೆಂಟ್ ಹಾರಿಸಿಕೊಂಡು ಹೋದಾಗ ಅವರೇ ಬಂದು ಗೂಟ ಹಿಡಿದರು.

ನನ್ನ ಮುಂದೆ ನಲವತ್ತೆಂಟು ಹೆಸರಿನ ಹಾಳೆ. ಇಳಿದೆ ಅಂತ ತಿಳಿಸಿದವರ ಮುಂದೆ ಒಂದು ಟಿಕ್. ಆರೂವರೆಯೊಳಗೆ ಎಲ್ಲರೂ ತಿಳಿಸಿರಬೇಕು. ತಿಳಿಸದಿದ್ದರೆ ಆ ದಿನದ ಅಂಕ ಸೊನ್ನೆ ಅಂತ ಮೊದಲ ದಿನದ ಬ್ರೀಫಿಂಗ್‌ನಲ್ಲೇ ಹೇಳಿದ್ದೆವು. ಆರೂವರೆಗೆ ನಲವತ್ತೇಳು ಟಿಕ್ ಇದ್ದವು.

ಉಳಿದ ಒಂದು ಹೆಸರು ನನ್ನ ಗುರುಗಳದು. ಟಗ್ ಹಿಂದೆ ಹೇಗೆ ನೇರವಾಗಿ ಹಾರಬೇಕು ಅಂತ ನನಗೆ ಕಲಿಸಿದವರು. ಮ್ಯಾಪ್ ಮೇಲೆ ಅವರ ಫೋನ್ ತೋರಿಸುತ್ತಿದ್ದ ಚುಕ್ಕೆ 4:15ಕ್ಕೇ ನಿಂತುಬಿಟ್ಟಿತ್ತು. ಫೋನ್ ಸ್ವಿಚ್ ಆಫ್. ಮೊದಲು ಒಂದು ಕಾರು ಕಳಿಸಿದೆವು, ಆಮೇಲೆ ಮೂರು. ಕೊನೆಗೆ ಕಂಡ ಎತ್ತರ, ಅವತ್ತಿನ ಗಾಳಿ ಎರಡನ್ನೂ ಇಟ್ಟುಕೊಂಡು ಎಲ್ಲೆಲ್ಲಿ ಇಳಿದಿರಬಹುದು ಅಂತ ನಾನು ಮ್ಯಾಪ್ ಮೇಲೆ ಗೆರೆ ಹಾಕಿದೆ. ನನ್ನ ಕೈ ನಡುಗುತ್ತಿತ್ತು. ಒಂದು ಟಗ್ ಮೇಲೇರಿ ಹುಡುಕಲು ಸಿದ್ಧವಾಗಿ ನಿಂತಿತ್ತು. ಇಲ್ಲಿ ಈಗ ಎಂಟು ಗಂಟೆ ದಾಟಿದ ಮೇಲೆ ಸೂರ್ಯ ಮುಳುಗುವುದು. ಬೆಳಕು ಇನ್ನು ಎಷ್ಟು ಹೊತ್ತು ಅಂತ ಎಲ್ಲರೂ ಆಕಾಶ ನೋಡುತ್ತಿದ್ದೆವು, ಯಾರೂ ಮಾತಾಡುತ್ತಿರಲಿಲ್ಲ.

7:50ಕ್ಕೆ ಯಾವುದೋ ತೋಟದ ಮನೆಯಿಂದ ಫೋನ್ ಬಂತು. ಅವರೇ. ಚೆನ್ನಾಗಿಯೇ ಇಳಿದಿದ್ದರು, ಒಂದು ಗಾಯವೂ ಇಲ್ಲ. ಫೋನಿನ ಬ್ಯಾಟರಿ ಹೋಗಿತ್ತು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಟ್ರ್ಯಾಕರ್ ಕಾರಿನಲ್ಲೇ ಉಳಿದಿತ್ತು. ಗ್ಲೈಡರ್ ಮಡಚಿಟ್ಟು ರಸ್ತೆಗೆ ನಡೆದುಬರಲು ಅಷ್ಟು ಹೊತ್ತಾಯಿತು.

ಅವತ್ತಿನ ತನಕ ಒಟ್ಟು ಅಂಕದಲ್ಲಿ ಅವರು ಮೂರನೆಯವರು. ನಾನು ಡೈರೆಕ್ಟರ್ ಮುಖ ನೋಡಿದೆ. "ನಿಯಮ ಎಲ್ಲರಿಗೂ ಒಂದೇ" ಅಂದರು, ಅಷ್ಟೇ. ನಾನೇ ಸೊನ್ನೆ ಹಾಕಿದೆ. ರಾತ್ರಿ ಹತ್ತಕ್ಕೆ ಅವರು ಬಂದು ಗೋಡೆಗೆ ಅಂಟಿಸಿದ ಹಾಳೆ ಓದಿದರು. ನಾನು ತಲೆ ಎತ್ತಲಿಲ್ಲ. ಹತ್ತಿರ ಬಂದು, "ಸರಿಯಾಗಿ ಮಾಡಿದೆ. ನನಗಾಗಿ ನೀವೆಲ್ಲ ಹೆದರಿದಿರಿ, ಅದನ್ನು ನಾನು ವಾಪಸ್ ಕೊಡೋಕೆ ಆಗಲ್ಲ" ಅಂದರು. ಮಾರನೆಯ ದಿನ ಬ್ರೀಫಿಂಗ್‌ನಲ್ಲಿ ತಾವೇ ಎದ್ದು ನಿಂತು ಎಲ್ಲರ ಕ್ಷಮೆ ಕೇಳಿದರು.

ಅಮ್ಮ, ಆರೂವರೆಯಿಂದ 7:50ರ ತನಕ ನನಗೆ ನಿನ್ನದೇ ನೆನಪು. ಹೋದ ವರ್ಷ ನಾನು ಮೊದಲ ಸಲ ನೂರು ಕಿಲೋಮೀಟರ್ ದಾಟಿದ ದಿನ, ಹಾರುತ್ತೇನೆ ಅಂತ ಬೆಳಿಗ್ಗೆ ನಿನಗೆ ಹೇಳಿದ್ದೆ. ಇಳಿದೆ ಅಂತ ಹೇಳಲಿಲ್ಲ. ಖುಷಿಯಲ್ಲಿ ಮರೆತೆ. ಮಾರನೆಯ ದಿನ ಫೋನ್ ಮಾಡಿದಾಗ ನೀನು ರಾತ್ರಿಯೆಲ್ಲ ಕೂತಿದ್ದೆ ಅಂತ ಅಪ್ಪ ಹೇಳಿದರು. "ಸುಮ್ನೆ ಹೆದರ್ತೀಯ ಅಮ್ಮ" ಅಂದುಬಿಟ್ಟೆ. ತಪ್ಪಾಯಿತು. ನಾನು ಕಾದದ್ದು ಒಂದು ಗಂಟೆ ಇಪ್ಪತ್ತು ನಿಮಿಷ. ನನ್ನ ಸುತ್ತ ಇಪ್ಪತ್ತು ಜನ ಇದ್ದರು, ಕಾರುಗಳಿದ್ದವು, ಮ್ಯಾಪ್ ಇತ್ತು. ನಿನ್ನ ಹತ್ತಿರ ಏನೂ ಇರಲಿಲ್ಲ.

ಮಾರ್ಚ್‌ನಲ್ಲಿ ನಾನು ಮತ್ತೆ ಹಾರುತ್ತೇನೆ. ಇದನ್ನು ನಿನ್ನಿಂದ ಮುಚ್ಚಿಡಲಾರೆ. ನನ್ನ ಟ್ರ್ಯಾಕರ್‌ನಲ್ಲಿ ಒಂದು ಗುಂಡಿ ಒತ್ತಿದರೆ ಮೊದಲೇ ಬರೆದಿಟ್ಟ ಸಂದೇಶ ಹೋಗುತ್ತದೆ, ಮೊಬೈಲ್ ಸಿಗ್ನಲ್ ಬೇಕಿಲ್ಲ. ಇಷ್ಟು ದಿನ ಅದು ಸ್ಕೋರರ್‌ಗೆ ಮತ್ತು ನನ್ನ ಡ್ರೈವರ್‌ಗೆ ಮಾತ್ರ ಹೋಗುತ್ತಿತ್ತು. ಇವತ್ತು ಅದರಲ್ಲಿ ನಿನ್ನ ನಂಬರ್ ಸೇರಿಸಿದ್ದೇನೆ. "ಇಳಿದೆ, ಕ್ಷೇಮ" ಅಂತ ಬರುತ್ತದೆ. ಯಾವ ಜಾಗ ಅಂತಲೂ ಇರುತ್ತದೆ, ಅಪ್ಪನಿಗೆ ಹೇಳಿ ಮ್ಯಾಪ್‌ನಲ್ಲಿ ನೋಡು. ಸಂದೇಶ ಬರುವುದು ತಡವಾದರೆ ಯಾರಿಗೆ ಫೋನ್ ಮಾಡಬೇಕು ಅಂತ ಬೇರೆ ಚೀಟಿಯಲ್ಲಿ ಬರೆದು ಇದರ ಜೊತೆಗೇ ಇಟ್ಟಿದ್ದೇನೆ. ಅದನ್ನು ಫೋನಿನ ಹತ್ತಿರ ಇಟ್ಟುಕೊ.

ನಾಳೆ ಗಾಳಿ ದಕ್ಷಿಣಕ್ಕೆ ತಿರುಗುತ್ತದಂತೆ. ಬೆಳಿಗ್ಗೆ ಆರಕ್ಕೆ ಎದ್ದು ಡಾಲಿಗಳನ್ನೆಲ್ಲ ಇನ್ನೊಂದು ತುದಿಗೆ ಸಾಗಿಸಬೇಕು. ಕಣ್ಣು ಎಳೆಯುತ್ತಿದೆ, ಮಲಗುತ್ತೇನೆ.

ನಿಮ್ಮ ಪ್ರೀತಿಯ ಮಗಳು