ಗ್ರೆನ್‌ವಿಲ್ ಸ್ಮಾರಕದ ಆರೈಕೆಗೆ ಕೈ ಜೋಡಿಸಿ: ಒಂದು ದೇಣಿಗೆ ಮನವಿ

ಆತ್ಮೀಯ ಕನ್ನಡ ಬಂಧುಗಳೇ,

ಬೇಸಿಗೆ ರಜೆ ಬಂತೆಂದರೆ ಇಂಗ್ಲೆಂಡಿನಲ್ಲಿರುವ ನಮ್ಮವರು ಮಕ್ಕಳನ್ನು ಕರೆದುಕೊಂಡು ಕಾರ್ನ್‌ವಾಲ್ ಸಮುದ್ರ ತೀರಕ್ಕೆ ಹೊರಡುತ್ತೀರಿ, ಅಲ್ವಾ? ಡೆವನ್ ಕಡೆಯಿಂದ ಎ39 ರಸ್ತೆಯಲ್ಲಿ ಬಂದರೆ ಬ್ಯೂಡ್ ಸಿಗುವ ಮೊದಲು ಕಿಲ್ಕ್‌ಹ್ಯಾಂಪ್ಟನ್ ಎಂಬ ಹಳ್ಳಿ ಬರುತ್ತದೆ. ಅಲ್ಲಿನ ಸೇಂಟ್ ಜೇಮ್ಸ್ ಚರ್ಚಿನಲ್ಲಿ ಸರ್ ಬೆವಿಲ್ ಗ್ರೆನ್‌ವಿಲ್ ಎಂಬ ಸೇನಾನಾಯಕನ ಸ್ಮಾರಕ ಇದೆ. ಅದರ ಆರೈಕೆಗೆ ನಿಮ್ಮ ನೆರವು ಕೇಳಲು ಈ ಪತ್ರ ಬರೆಯುತ್ತಿದ್ದೇವೆ.

1642ರಲ್ಲಿ ಇಂಗ್ಲೆಂಡಿನ ರಾಜ ಒಂದನೇ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾಯಿತು. ನೆರೆಹೊರೆಯವರು, ನೆಂಟರು, ಗೆಳೆಯರು ಎರಡು ಪಾಳಯವಾದರು. ಗ್ರೆನ್‌ವಿಲ್ ರಾಜನ ಕಡೆ ನಿಂತ. ಹಾಗಂತ ಅವನು ಮೊದಲಿನಿಂದಲೂ ರಾಜನ ಮನುಷ್ಯನಲ್ಲ. 1620ರ ದಶಕದಲ್ಲಿ ಪಾರ್ಲಿಮೆಂಟ್ ಸದಸ್ಯನಾಗಿದ್ದಾಗ ಅವನ ಪ್ರಾಣಸ್ನೇಹಿತ ಜಾನ್ ಎಲಿಯಟ್. ರಾಜನನ್ನು ಎದುರು ಹಾಕಿಕೊಂಡ ಎಲಿಯಟ್ 1632ರಲ್ಲಿ ಲಂಡನ್ ಟವರ್‌ನ ಸೆರೆಯಲ್ಲೇ ಪ್ರಾಣ ಬಿಟ್ಟ. ಅಂಥವನ ಗೆಳೆಯ ಹತ್ತು ವರ್ಷದ ಮೇಲೆ ಅದೇ ರಾಜನಿಗಾಗಿ ಆಯುಧ ಹಿಡಿದ. ಸುಲಭಕ್ಕೆ ಒಂದು ಹಣೆಪಟ್ಟಿ ಹಚ್ಚಿ ಬಿಡಬಹುದಾದ ಮನುಷ್ಯ ಇವನಲ್ಲ. ನಮಗೆ ಇವನ ಮೇಲೆ ಆಸಕ್ತಿ ಹುಟ್ಟಿದ್ದೇ ಈ ಕಾರಣಕ್ಕೆ.

1643ರ ಜನವರಿಯಲ್ಲಿ ಬ್ರಾಡಕ್ ಡೌನ್ ಎಂಬಲ್ಲಿ ಅವನ ಕಡೆಯವರು ಗೆದ್ದರು. ಆ ಗೆಲುವಿನ ಸುದ್ದಿಯನ್ನು ಅವನು ಹೆಂಡತಿ ಗ್ರೇಸ್‌ಗೆ ಪತ್ರ ಬರೆದು ತಿಳಿಸಿದ. ಮೇ 16ರಂದು ಸ್ಟ್ರ್ಯಾಟನ್‌ನಲ್ಲಿ ಎದುರಾಳಿಗಳು ಗುಡ್ಡದ ಮೇಲಿದ್ದರು, ಇವರ ಎರಡು ಪಟ್ಟು ಇದ್ದರು. ಬೆಳಿಗ್ಗೆಯಿಂದ ಕಾದಾಡಿ ಇವರ ಮದ್ದು ಮುಗಿಯುತ್ತಾ ಬಂತು. ಕೊನೆಗೆ ಗುಂಡು ಹಾರಿಸದೆ, ಬರೀ ಈಟಿ ಕತ್ತಿ ಹಿಡಿದು ಗುಡ್ಡ ಹತ್ತಿ ಗೆದ್ದರು. ಆ ಜಾಗ ಬ್ಯೂಡ್ ಪಕ್ಕದಲ್ಲೇ ಇದೆ.

ಜುಲೈ 5ರಂದು ಬಾತ್ ನಗರದ ಹತ್ತಿರ ಲ್ಯಾನ್ಸ್‌ಡೌನ್ ಗುಡ್ಡದ ಯುದ್ಧ. ಮೇಲೆ ಪಾರ್ಲಿಮೆಂಟ್ ಕಡೆಯ ತೋಪುಗಳು ಸಾಲಾಗಿ ನಿಂತಿದ್ದವು. ಗ್ರೆನ್‌ವಿಲ್ ತನ್ನ ಕಾರ್ನ್‌ವಾಲ್ ಈಟಿ ಪಡೆಯ ಮುಂದೆ ತಾನೇ ಗುಡ್ಡ ಹತ್ತಿದ. ಶತ್ರು ಕುದುರೆಪಡೆ ಮತ್ತೆ ಮತ್ತೆ ಮೇಲೆ ಬಿದ್ದರೂ ಅವರು ಜಾಗ ಬಿಡಲಿಲ್ಲ. ಕೊನೆಗೆ ತಲೆಗೆ ಕೊಡಲಿ ಏಟು ಬಿದ್ದು ಅವನು ಉರುಳಿದ. ಹತ್ತಿರದ ಕೋಲ್ಡ್ ಆಶ್ಟನ್ ಪಾದ್ರಿ ಮನೆಗೆ ಹೊತ್ತುಕೊಂಡು ಹೋದರು. ಅಲ್ಲೇ ತೀರಿಕೊಂಡ. ಅವನ ಆಳು ಆಂಟನಿ ಪೇಯ್ನ್ 7 ಅಡಿ 4 ಇಂಚು ಎತ್ತರದ ದೈತ್ಯ ಅಂತ ಹೇಳುತ್ತಾರೆ. ಅವನು ಒಡೆಯನ ಕುದುರೆಯ ಮೇಲೆ ಒಡೆಯನ ಹದಿಹರೆಯದ ಮಗ ಜಾನ್‌ನನ್ನು ಕೂರಿಸಿ ಸೈನಿಕರಿಗೆ ಧೈರ್ಯ ತುಂಬಿದ ಅನ್ನುವ ಕಥೆ ಇಲ್ಲಿ ಇಂದಿಗೂ ಬಾಯಿಂದ ಬಾಯಿಗೆ ಹರಿದು ಬರುತ್ತಿದೆ. ಗ್ರೆನ್‌ವಿಲ್‌ನ ದೇಹವನ್ನು ಕಿಲ್ಕ್‌ಹ್ಯಾಂಪ್ಟನ್‌ಗೆ ತಂದು ವಂಶದ ನೆಲಮಾಳಿಗೆಯಲ್ಲಿ ಇಟ್ಟರು. ನಾಲ್ಕು ವರ್ಷಕ್ಕೆ ಗ್ರೇಸ್ ಕೂಡ ತೀರಿಕೊಂಡರು.

ಸ್ಮಾರಕ ಮಾಡಿಸಿದ್ದು 1714ರಲ್ಲಿ, ಮೊಮ್ಮಗ ಲಾರ್ಡ್ ಲ್ಯಾನ್ಸ್‌ಡೌನ್. ಅವನು ತಾತನ ಮುಖವನ್ನೇ ಕಂಡವನಲ್ಲ, ಹುಟ್ಟಿದ್ದು 1666ರಲ್ಲಿ. ಕೆತ್ತಿದವನು ಮೈಕೆಲ್ ಚೂಕ್ ಎಂಬ ಇದೇ ಊರಿನ ಶಿಲ್ಪಿ ಎಂದು ಹೇಳುತ್ತಾರೆ. ಬರಹದ ಶುರುವಿನಲ್ಲಿ ವಂಶದ ದೊಡ್ಡಸ್ತಿಕೆ ಜಾಸ್ತಿ ಇದೆ, ನಾರ್ಮಂಡಿಯ ದೊರೆಗಳ ತನಕ ಹೋಗುತ್ತದೆ. ಆದರೆ ಕೆಳಗೆ ಇಳಿಯುತ್ತಾ ಓದಿ. ಆ ಕಾಲದ ಇತಿಹಾಸಕಾರ ಕ್ಲಾರೆಂಡನ್ ಇವನ ಬಗ್ಗೆ ಹೇಳಿದ ಮಾತು ಬರುತ್ತದೆ: ಇಷ್ಟೊಂದು ಧೈರ್ಯ, ಇಷ್ಟೊಂದು ಮೃದು ಸ್ವಭಾವ ಒಬ್ಬನಲ್ಲೇ ಹೀಗೆ ಕೂಡಿ ಬಂದದ್ದೇ ಇಲ್ಲ ಎಂಬ ಅರ್ಥದ್ದು. ಕಲ್ಲಿನ ಮೇಲೆ ಇರುವ ಎಲ್ಲ ಹೊಗಳಿಕೆಗಿಂತ ಈ ಒಂದು ಸಾಲು ನಮಗೆ ಹತ್ತಿರದ್ದು.

ಇಂಗ್ಲೆಂಡಿನ ರಾಜನಿಗಾಗಿ ಸತ್ತ ಒಬ್ಬ ಜಮೀನ್ದಾರನ ಕಲ್ಲಿಗೆ ನಾವ್ಯಾಕೆ ದುಡ್ಡು ಕೊಡಬೇಕು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆ ಕಲ್ಲು ಎದುರು ಪಕ್ಷದವರನ್ನು ಬಂಡುಕೋರರು ಎನ್ನುತ್ತದೆ; ನಾವು ಅದನ್ನು ಒಪ್ಪಬೇಕಾಗಿಲ್ಲ. ಲ್ಯಾನ್ಸ್‌ಡೌನ್ ಗುಡ್ಡದಲ್ಲಿ ಎರಡೂ ಕಡೆಯ ಮಕ್ಕಳು ಸತ್ತರು. ಆದರೆ ಒಂದು ದೇಶ ತನ್ನೊಳಗೇ ಹೊಡೆದಾಡಿಕೊಂಡ ಕಾಲಕ್ಕೆ ಇಂಥ ಕಲ್ಲುಗಳೇ ಸಾಕ್ಷಿ. ಈಗ ನಮ್ಮ ಮಕ್ಕಳು ಇಲ್ಲಿನ ಶಾಲೆಯಲ್ಲಿ ಓದುತ್ತಿರುವುದೂ ಇದೇ ಇತಿಹಾಸವನ್ನು. ಅವರ ಪಾಲಿಗೆ ಇದು ಬೇರೆಯವರ ಕಥೆಯಲ್ಲ.

ಇನ್ನೊಂದು ಮಾತು. ಇದನ್ನು ನೋಡಿಕೊಳ್ಳಲು ಆ ಮನೆತನ ಉಳಿದಿಲ್ಲ. ಮಗ ಜಾನ್ ಮುಂದೆ ಬಾತ್‌ನ ಅರ್ಲ್ ಎಂಬ ದೊಡ್ಡ ಬಿರುದು ಪಡೆದ, ಸ್ಟೋ ಎಂಬಲ್ಲಿ ದೊಡ್ಡ ಬಂಗಲೆ ಕಟ್ಟಿಸಿದ. 1711ಕ್ಕೆ ಆ ಅರ್ಲ್ ಪದವಿಗೆ ವಾರಸುದಾರರೇ ಇಲ್ಲವಾದರು. 1739ರಲ್ಲಿ ಬಂಗಲೆಯನ್ನೂ ಕೆಡವಿದರು. ಈಗ ಸ್ಮಾರಕದ ಹೊಣೆಯೆಲ್ಲ ಹಳ್ಳಿಯ ಚರ್ಚಿನದು. ಇಂಗ್ಲೆಂಡಿನಲ್ಲಿ ಹಳ್ಳಿ ಚರ್ಚುಗಳನ್ನು ಸರ್ಕಾರ ನಡೆಸುವುದಿಲ್ಲ. ಮಾಡು, ಗಟಾರ, ವಿದ್ಯುತ್, ರಿಪೇರಿ ಎಲ್ಲದಕ್ಕೂ ಊರವರೇ ಹಣ ಹೊಂದಿಸಬೇಕು. ಈ ಚರ್ಚಿನಲ್ಲಿ ನಾರ್ಮನ್ ಕಾಲದ ಬಾಗಿಲಿದೆ, ಕೆತ್ತನೆ ಮಾಡಿದ 150ಕ್ಕೂ ಹೆಚ್ಚು ಹಳೆಯ ಬೆಂಚು ತುದಿಗಳಿವೆ. ಒಂದು ಹಳ್ಳಿಗೆ ಇದು ದೊಡ್ಡ ಭಾರ.

ಇಂಥ ಹಳೆಯ ಸ್ಮಾರಕಗಳಿಗೆ ದೊಡ್ಡ ಶತ್ರು ತೇವ. ಆ ಕಾಲದಲ್ಲಿ ಕಲ್ಲುಗಳನ್ನು ಗೋಡೆಗೆ ಹಿಡಿಸಲು ಸಾಮಾನ್ಯವಾಗಿ ಒಳಗೆ ಕಬ್ಬಿಣದ ಕೊಂಡಿ ಹಾಕುತ್ತಿದ್ದರು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಕಲ್ಲು ಸೀಳುತ್ತದೆ. ಹಾಗಾಗಿ ಸ್ಮಾರಕ ಉಳಿಯಬೇಕಾದರೆ ಮೊದಲು ಮಾಡಿನ ಗಟಾರ ಚೊಕ್ಕವಾಗಿರಬೇಕು. ಸಿಮೆಂಟ್ ಮೆತ್ತುವಂತಿಲ್ಲ, ಸುಮ್ನೆ ಸೋಪು ಹಾಕಿ ಉಜ್ಜುವಂತಿಲ್ಲ. ಚರ್ಚ್ ಆಡಳಿತದ ಅನುಮತಿ ಪಡೆದು, ನುರಿತವರಿಂದಲೇ ಕೆಲಸ ಮಾಡಿಸಬೇಕು. ಖರ್ಚು ಬರುವುದು ಇಲ್ಲೇ.

ದುಡ್ಡು ನಮ್ಮ ಕೈಗೆ ಬೇಡ. ನೇರ ಚರ್ಚಿಗೇ ಕೊಡಿ. ಲಕೋಟೆಯ ಮೇಲೆ "ಗ್ರೆನ್‌ವಿಲ್ ಸ್ಮಾರಕಕ್ಕೆ" ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಒಂದು ಉದ್ದೇಶಕ್ಕೆಂದು ಕೊಟ್ಟ ಹಣವನ್ನು ಅದಕ್ಕೇ ಬಳಸಬೇಕು ಎಂಬುದು ಇಲ್ಲಿನ ಕಾನೂನು. ಕಟ್ಟಡದ ನಿಧಿಗೆ ಕೊಟ್ಟರೂ ಸಂತೋಷವೇ, ಮಾಡು ಸೋರದಿದ್ದರೆ ಸ್ಮಾರಕಕ್ಕೂ ಕ್ಷೇಮ. ನೀವು ಬ್ರಿಟನ್‌ನಲ್ಲಿ ತೆರಿಗೆ ಕಟ್ಟುವವರಾದರೆ ಗಿಫ್ಟ್ ಏಡ್ ಚೀಟಿ ತುಂಬಲು ಮರೆಯಬೇಡಿ. ನೀವು ಕೊಟ್ಟ 10 ಪೌಂಡಿಗೆ ಸರ್ಕಾರ ಎರಡೂವರೆ ಪೌಂಡ್ ಸೇರಿಸುತ್ತದೆ, ನಿಮ್ಮ ಕೈಯಿಂದ ಹೆಚ್ಚೇನೂ ಹೋಗುವುದಿಲ್ಲ. 5 ಪೌಂಡ್ ಆದರೂ ಸರಿ, 50 ಆದರೂ ಸರಿ. ಕೆಲವು ಮನೆಯವರು ಸೇರಿ ಒಟ್ಟಿಗೆ ಕೊಟ್ಟರೆ ಇನ್ನೂ ಒಳ್ಳೆಯದು. ಮುಂದಿನ ಸಲ ಬ್ಯೂಡ್ ಕಡೆ ಬಂದಾಗ ಅರ್ಧ ಗಂಟೆ ಬಿಡುವು ಮಾಡಿಕೊಂಡು ಮಕ್ಕಳೊಂದಿಗೆ ಒಳಗೆ ಹೋಗಿ ನೋಡಿ.

ಇಂತಿ ನಿಮ್ಮ ವಿಶ್ವಾಸಿಗಳು,
ಕಾರ್ನ್‌ವಾಲ್ ಮತ್ತು ಡೆವನ್ ಕಡೆಯ ಕೆಲವು ಕನ್ನಡ ಮನೆಯವರು